ಎರೆಹುಳು ಬದುಕಿದೆ ಎಂದ ಮಾತ್ರಕ್ಕೆ ಮಣ್ಣು ಚೆನ್ನಾಗಿದೆ ಎಂದಲ್ಲ

ಪ್ರಶ್ನೆ: ನಮ್ಮ ತೋಟದ ಪಕ್ಕದಲ್ಲಿ ಹಿಂದೆ ಹಳೆಯ ಬ್ಯಾಟರಿಗಳನ್ನು ಒಡೆದು ಸೀಸ ಕರಗಿಸುತ್ತಿದ್ದರು. ಆ ಕೆಲಸ ನಿಂತು ಹಲವು ವರ್ಷಗಳಾಗಿವೆ. ಈಚೆಗೆ ಮಣ್ಣು ಪರೀಕ್ಷೆ ಮಾಡಿಸಿದಾಗ ಒಂದು ಕಿಲೋ ಮಣ್ಣಿಗೆ ಸೀಸ 900 ಮಿಲಿಗ್ರಾಂ, ಕ್ಯಾಡ್ಮಿಯಂ 6 ಮಿಲಿಗ್ರಾಂ ಎಂದು ವರದಿ ಬಂತು. ರಸಸಾರ (pH, ಇದು 7ಕ್ಕಿಂತ ಇಳಿದಷ್ಟೂ ಮಣ್ಣು ಹುಳಿ) 5.4. ಆದರೆ ಗುದ್ದಲಿ ಹಾಕಿದಲ್ಲೆಲ್ಲ ಎರೆಹುಳುಗಳು ಸಿಗುತ್ತವೆ. ಎರೆಹುಳು ಇದ್ದರೆ ಮಣ್ಣು ಆರೋಗ್ಯವಾಗಿದೆ ಎನ್ನುತ್ತಾರಲ್ಲ, ನಂಬಬಹುದೇ? ಇನ್ನಷ್ಟು ಹುಳು ತಂದು ಬಿಟ್ಟರೆ ಅವು ಲೋಹವನ್ನು ಹೀರಿಕೊಂಡು ಮಣ್ಣನ್ನು ಶುದ್ಧ ಮಾಡುತ್ತವೆಯೇ? ತೋಟದಲ್ಲಿ ನಮ್ಮ ಕೋಳಿಗಳೂ ಮೇಯುತ್ತವೆ.

ಉತ್ತರ: ಮೊದಲು ಕೋಳಿಗಳನ್ನು ಆ ಜಾಗದಿಂದ ಹೊರಗಿಡಿ. ಇವತ್ತೇ ಬೇಲಿ ಕಟ್ಟಿ. ಕಾರಣವನ್ನು ಮುಂದೆ ಹೇಳುತ್ತೇನೆ, ಅದು ಎರೆಹುಳುವಿನ ಹೊಟ್ಟೆಯೊಳಗೇ ಇದೆ.

ಎರೆಹುಳು ಇದ್ದರೆ ಮಣ್ಣು ಒಳ್ಳೆಯದು ಎಂಬ ಮಾತು ತೇವ, ಗಾಳಿ, ಸಾವಯವ ಅಂಶಗಳ ಮಟ್ಟಿಗೆ ನಿಜ. ಭಾರ ಲೋಹಗಳ ವಿಷಯದಲ್ಲಿ ಅದನ್ನು ನಂಬಿ ಕೂರುವಂತಿಲ್ಲ. ಕೀಟನಾಶಕ ಬಿದ್ದರೆ ಹುಳುಗಳು ಮೇಲೆ ಬಂದು ಒದ್ದಾಡಿ ಸಾಯುವುದನ್ನು ನಾವು ಕಣ್ಣಾರೆ ಕಾಣುತ್ತೇವೆ. ಲೋಹ ಹಾಗೆ ಮಾಡುವುದು ಅಪರೂಪ. ಹುಳುವನ್ನು ಕೊಲ್ಲುವುದಕ್ಕೆ ಬಹಳ ಮೊದಲೇ ಅದು ಹುಳುವಿನ ಸಂತಾನವನ್ನು ನಿಲ್ಲಿಸುತ್ತದೆ. ಹಾಗಾಗಿ ಗುದ್ದಲಿಗೆ ಸಿಕ್ಕ ದಪ್ಪ ಹುಳುಗಳನ್ನು ಎಣಿಸಿ ಸಮಾಧಾನಪಟ್ಟುಕೊಂಡರೆ ಸಾಲದು. ಅವುಗಳ ಮರಿಗಳು ಎಲ್ಲಿವೆ ಎಂದು ಹುಡುಕಬೇಕು.

ಲೋಹ ಹುಳುವಿನ ಒಳಗೆ ಹೋಗುವ ದಾರಿಗಳು ಎರಡು. ಎರೆಹುಳುವಿಗೆ ಶ್ವಾಸಕೋಶವಿಲ್ಲ, ಅದು ಉಸಿರಾಡುವುದು ಚರ್ಮದಿಂದ. ಉಸಿರಾಡಬೇಕಾದರೆ ಚರ್ಮ ಸದಾ ಒದ್ದೆಯಾಗಿ, ತೆಳ್ಳಗೆ ಇರಬೇಕು. ಆಮ್ಲಜನಕವನ್ನು ಒಳಗೆ ಬಿಡುವ ಅದೇ ಒದ್ದೆ ಚರ್ಮ ಮಣ್ಣಿನ ನೀರಿನಲ್ಲಿ ಕರಗಿರುವ ಲೋಹದ ಅಯಾನುಗಳನ್ನೂ ಒಳಗೆ ಬಿಡುತ್ತದೆ. ಎರಡನೆಯ ದಾರಿ ಬಾಯಿ. ಮಣ್ಣನ್ನೇ ತಿಂದು ಮಣ್ಣನ್ನೇ ಹೊರಹಾಕುವ ಪ್ರಾಣಿಗೆ ಬೇಡವಾದದ್ದನ್ನು ಆರಿಸಿ ಬಿಡುವ ಅವಕಾಶ ಕಡಿಮೆ. ಹುಳುವಿನ ದೇಹದಲ್ಲಿ ಎಷ್ಟು ಲೋಹವಿದೆ ಎಂದು ಅಳೆಯುವ ಮುನ್ನ ಪ್ರಯೋಗಾಲಯದಲ್ಲಿ ಅದನ್ನು ಒಂದೆರಡು ದಿನ ಒದ್ದೆ ಸೋಸುಕಾಗದದ ಮೇಲೆ ಉಪವಾಸ ಇಡುತ್ತೇವೆ. ಮೊದಲು ಕಾಗದದ ಮೇಲೆ ಕಪ್ಪು ಗೆರೆಗಳಂತೆ ಹಿಕ್ಕೆ ಬೀಳುತ್ತದೆ. ಕ್ರಮೇಣ ಅದು ನಿಂತು, ಕಪ್ಪಾಗಿದ್ದ ಹೊಟ್ಟೆಯ ಭಾಗ ತಿಳಿಯಾಗುತ್ತದೆ. ಹೊಟ್ಟೆಯಲ್ಲಿರುವ ಮಣ್ಣಿನ ಲೋಹವನ್ನು ಹುಳುವಿನ ಲೋಹವೆಂದು ತಪ್ಪಾಗಿ ಲೆಕ್ಕ ಹಾಕಬಾರದೆಂದು ಇಷ್ಟು ಎಚ್ಚರಿಕೆ. ಹೀಗೆ ಹೊಟ್ಟೆ ಖಾಲಿ ಮಾಡಿದ ಮೇಲೂ ಕೆಲವು ಲೋಹಗಳು ದೇಹದಲ್ಲಿ ರಾಶಿಯಾಗಿ ಉಳಿದಿರುತ್ತವೆ.

ಉಳಿಯುವುದು ಎಲ್ಲಿ? ಹುಳುವಿನ ಕರುಳಿನ ಹೊರಮೈಗೆ ಹಳದಿ ಮಿಶ್ರಿತ ಕಂದು ಬಣ್ಣದ ಒಂದು ಅಂಗಾಂಶ ಹೊದಿಕೆಯಂತೆ ಅಂಟಿಕೊಂಡಿರುತ್ತದೆ. ಇದರ ಹೆಸರು ಕ್ಲೋರಾಗೋಜನ್. ನಮ್ಮ ಯಕೃತ್ತು ಮಾಡುವ ಹಲವು ಕೆಲಸಗಳನ್ನು ಹುಳುವಿನಲ್ಲಿ ಇದು ಮಾಡುತ್ತದೆ. ಈ ಜೀವಕೋಶಗಳೊಳಗೆ ಕ್ಯಾಲ್ಸಿಯಂ ಮತ್ತು ರಂಜಕದಿಂದಾದ ಸಣ್ಣ ಸಣ್ಣ ಕಣಗಳಿರುತ್ತವೆ. ಸೀಸ ಮತ್ತು ಸತು ಆ ಕಣಗಳೊಳಗೆ ಸೇರಿ ಬಂಧಿಯಾಗುತ್ತವೆ. ಕ್ಯಾಡ್ಮಿಯಂಗೆ ಬೇರೆಯದೇ ವ್ಯವಸ್ಥೆ. ಅದು ಒಳಗೆ ಬಂದ ಕೂಡಲೇ ಹುಳು ಗಂಧಕ ಹೆಚ್ಚಿರುವ ಮೆಟಲೋಥಯೋನಿನ್ ಎಂಬ ಪ್ರೋಟೀನನ್ನು ತಯಾರಿಸಿ ಲೋಹವನ್ನು ಅದಕ್ಕೆ ಕಟ್ಟಿಹಾಕುತ್ತದೆ. ವಿಷವನ್ನು ಹೊರಹಾಕಲಾಗದಿದ್ದರೆ ಮೂಲೆಯಲ್ಲಿ ಕೂಡಿಹಾಕು ಎಂಬ ಈ ಉಪಾಯವನ್ನು ಎಷ್ಟು ವರ್ಷ ನೋಡಿದರೂ ನನ್ನ ಬೆರಗು ಕಡಿಮೆಯಾಗಿಲ್ಲ.

ಎಲ್ಲ ಲೋಹಗಳೂ ಒಂದೇ ರೀತಿ ಉಳಿಯುವುದಿಲ್ಲ. ಸತು ಮತ್ತು ತಾಮ್ರ ಹುಳುವಿನ ದೇಹಕ್ಕೂ ಸ್ವಲ್ಪ ಬೇಕು. ಹೆಚ್ಚಾದದ್ದನ್ನು ಅದು ಹೊರಹಾಕಬಲ್ಲದು, ಶುದ್ಧ ಮಣ್ಣಿಗೆ ಬಿಟ್ಟರೆ ಅವುಗಳ ಪ್ರಮಾಣ ಬೇಗನೆ ಇಳಿಯುತ್ತದೆ. ಸೀಸ ಸಾಮಾನ್ಯವಾಗಿ ಮಣ್ಣಿನಲ್ಲಿರುವುದಕ್ಕಿಂತ ಕಡಿಮೆ ಪ್ರಮಾಣದಲ್ಲಿ ಹುಳುವಿನಲ್ಲಿ ಇರುತ್ತದೆ. ಕ್ಯಾಡ್ಮಿಯಂ ಮಾತ್ರ ಒಳಗೆ ಹೋದರೆ ಹೊರಬರುವುದೇ ಇಲ್ಲ ಎನ್ನುವಷ್ಟು ನಿಧಾನ. ಮಣ್ಣಿನಲ್ಲಿರುವುದಕ್ಕಿಂತ ಹಲವು ಪಟ್ಟು, ಕೆಲವೊಮ್ಮೆ ಹತ್ತು ಪಟ್ಟಿಗೂ ಹೆಚ್ಚು ಕ್ಯಾಡ್ಮಿಯಂ ಹುಳುವಿನ ಒಣತೂಕದಲ್ಲಿ ಸೇರಿಕೊಳ್ಳುತ್ತದೆ. ನಿಮ್ಮ ವರದಿಯಲ್ಲಿ 900ರ ಪಕ್ಕದಲ್ಲಿರುವ 6 ಎಂಬ ಸಣ್ಣ ಸಂಖ್ಯೆಯನ್ನು ಕಡೆಗಣಿಸಬೇಡಿ ಎಂದು ಹೇಳುವುದು ಇದಕ್ಕೇ. ಕಲುಷಿತವಲ್ಲದ ಮಣ್ಣಿನಲ್ಲಿ ಕ್ಯಾಡ್ಮಿಯಂ ಸಾಮಾನ್ಯವಾಗಿ ಕಿಲೋಗೆ 1 ಮಿಲಿಗ್ರಾಮಿಗೂ ಕಡಿಮೆ ಇರುತ್ತದೆ.

ಕೋಳಿಯ ವಿಷಯ ಇಲ್ಲಿಗೇ ಬಂದು ಸೇರುತ್ತದೆ. ಹುಳು ಬದುಕಿರುವುದು ವಿಷವನ್ನು ತನ್ನೊಳಗೆ ಕೂಡಿಹಾಕಿಕೊಂಡು. ಅದನ್ನು ತಿನ್ನುವ ಪ್ರಾಣಿಗೆ ಆ ಸಂಗ್ರಹ ಇಡಿಯಾಗಿ ಸಿಗುತ್ತದೆ. ಲೋಹ ಬಿದ್ದ ಜಾಗಗಳಲ್ಲಿ ಎರೆಹುಳು ತಿಂದು ಬದುಕುವ ಮೂಗಿಲಿಗಳ ಮೂತ್ರಪಿಂಡ ಮತ್ತು ಯಕೃತ್ತುಗಳಲ್ಲಿ ಕ್ಯಾಡ್ಮಿಯಂ ಭಾರಿ ಪ್ರಮಾಣದಲ್ಲಿ ಸಿಕ್ಕಿದೆ. ಕಾಳು ಸೊಪ್ಪು ತಿನ್ನುವ ಇಲಿಗಳಲ್ಲಿ ಅದೇ ಜಾಗದಲ್ಲೂ ಅಷ್ಟು ಇರುವುದಿಲ್ಲ. ನಿಮ್ಮ ಕೋಳಿ ಹುಳುವಿನ ಜೊತೆಗೆ ಮಣ್ಣನ್ನೂ ಕುಕ್ಕಿ ನುಂಗುತ್ತದೆ. ಆ ಮಣ್ಣಿನ ಸೀಸ ಮೊಟ್ಟೆಯ ಹಳದಿಗೂ ಹೋಗುತ್ತದೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಆ ಮೊಟ್ಟೆಗಳನ್ನು ಕೊಡುವುದನ್ನು ನಿಲ್ಲಿಸಿ. ತೋಟದ ಹುಳುಗಳನ್ನು ಮೀನಿಗೂ ಹಾಕಬೇಡಿ.

ಈಗ ಹುಳುವಿನ ಕಷ್ಟಕ್ಕೆ ಬರುತ್ತೇನೆ. ಕಣ ಕಟ್ಟುವುದು, ಪ್ರೋಟೀನು ತಯಾರಿಸುವುದು, ಹಾಳಾದ ಜೀವಕೋಶಗಳನ್ನು ದುರಸ್ತಿ ಮಾಡುವುದು ಎಲ್ಲಕ್ಕೂ ಶಕ್ತಿ ಬೇಕು. ಆ ಶಕ್ತಿ ಬೆಳವಣಿಗೆಯಿಂದ ಮತ್ತು ಸಂತಾನದಿಂದ ಕಡಿತವಾಗುತ್ತದೆ. ಪೀಡಿತ ಹುಳುವಿನ ತೂಕ ಇಳಿಯುತ್ತದೆ, ಮರಿಗಳು ಪ್ರೌಢವಾಗುವುದು ತಡವಾಗುತ್ತದೆ, ವೀರ್ಯಾಣುಗಳ ಆಕಾರ ಕೆಡುತ್ತದೆ, ಬಿಲ ಕೊರೆಯುವ ವೇಗವೂ ತಗ್ಗುತ್ತದೆ. ಇದಕ್ಕೂ ಮೊದಲೇ ಜೀವಕೋಶದ ಮಟ್ಟದಲ್ಲಿ ಏಟು ಬಿದ್ದಿರುತ್ತದೆ. ಹುಳುವಿನ ದೇಹದ್ರವದಿಂದ ಒಂದು ಹನಿ ತೆಗೆದು, ಅದರಲ್ಲಿರುವ ಜೀವಕೋಶಗಳಿಗೆ ನ್ಯೂಟ್ರಲ್ ರೆಡ್ ಎಂಬ ಕೆಂಪು ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇದು ಕಾಣುತ್ತದೆ. ಆರೋಗ್ಯವಾಗಿರುವ ಜೀವಕೋಶ ಆ ಬಣ್ಣವನ್ನು ತನ್ನ ಪುಟ್ಟ ಚೀಲಗಳೊಳಗೆ ಬಹಳ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ಲೋಹದಿಂದ ಬಳಲಿದ ಜೀವಕೋಶದಲ್ಲಿ ಚೀಲದ ಪೊರೆ ಸಡಿಲವಾಗಿ ನೋಡನೋಡುತ್ತಲೇ ಬಣ್ಣ ಹೊರಗೆ ಸೋರಿ, ಜೀವಕೋಶವಿಡೀ ಮಸುಕು ಕೆಂಪಾಗುತ್ತದೆ. ಹೊರಗಿನಿಂದ ನೋಡಿದರೆ ಆ ಹುಳು ಚುರುಕಾಗಿಯೇ ಓಡಾಡಿಕೊಂಡಿರುತ್ತದೆ.

ಸಂತಾನದ ಲೆಕ್ಕ ತೆಗೆಯಲು ಒಂದು ಒಪ್ಪಿತ ಕ್ರಮವಿದೆ. ಹಲವು ದೇಶಗಳ ಆರ್ಥಿಕ ಸಹಕಾರ ಸಂಘಟನೆಯಾದ ಒಇಸಿಡಿ 1984ರಲ್ಲಿ ರೂಪಿಸಿದ ಪರೀಕ್ಷೆ 14 ದಿನಗಳಲ್ಲಿ ಎಷ್ಟು ಹುಳು ಸತ್ತವು ಎಂದಷ್ಟೇ ಕೇಳುತ್ತಿತ್ತು. ಅದು ಸಾಲದೆಂದು ಅರಿವಾದ ಮೇಲೆ 2004ರಲ್ಲಿ ಸಂತಾನೋತ್ಪತ್ತಿ ಪರೀಕ್ಷೆ ಬಂತು. ಪ್ರೌಢ ಹುಳುಗಳನ್ನು ಪರೀಕ್ಷಿಸಬೇಕಾದ ಮಣ್ಣಿನಲ್ಲಿ 28 ದಿನ ಬಿಟ್ಟು ತೆಗೆಯುತ್ತಾರೆ. ಅವು ಇಟ್ಟ ಕಕೂನುಗಳು, ಎಂದರೆ ಮೊಟ್ಟೆಗೂಡುಗಳು, ಮತ್ತೆ 28 ದಿನ ಅಲ್ಲೇ ಇರುತ್ತವೆ. ಕೊನೆಯಲ್ಲಿ ಪಾತ್ರೆಯನ್ನು ಬಿಸಿನೀರಿನಲ್ಲಿಟ್ಟರೆ ಕಾವು ತಾಳಲಾರದೆ ದಾರದ ಎಳೆಗಳಂಥ ಬಿಳಿಚು ಮರಿಗಳು ಒಂದೊಂದಾಗಿ ಮೇಲೆ ಬರುತ್ತವೆ, ಚಿಮಟದಿಂದ ಹೆಕ್ಕಿ ಎಣಿಸಬೇಕು. ಶುದ್ಧ ಮಣ್ಣಿನ ಪಾತ್ರೆಯಲ್ಲಿ ಎಣಿಸಿ ಕೈ ಸೋಲುತ್ತದೆ. ಲೋಹ ಬೆರೆತ ಮಣ್ಣಿನ ಪಾತ್ರೆಯ ಮುಂದೆ ಕಾಯುತ್ತಾ ಕುಳಿತು, ದೊಡ್ಡ ಹುಳುಗಳೆಲ್ಲ ಬದುಕಿದ್ದೂ ಒಂದು ಮರಿಯೂ ಮೇಲೆ ಬಾರದ್ದನ್ನು ನೋಡುವಾಗ ಮನಸ್ಸು ಭಾರವಾಗುತ್ತದೆ.

ಅಂಕಿಗಳನ್ನು ನೋಡಿ. ಬ್ರಿಟನ್ನಿನ ಸ್ಪರ್ಜನ್, ಹಾಪ್ಕಿನ್ ಮತ್ತು ಜೋನ್ಸ್ 1994ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಐಸೆನಿಯಾ ಫೆಟಿಡಾ ಎಂಬ ಗೊಬ್ಬರದ ಹುಳುಗಳಲ್ಲಿ ಅರ್ಧದಷ್ಟು 56 ದಿನಗಳಲ್ಲಿ ಸಾಯಬೇಕಾದರೆ ಕಿಲೋ ಮಣ್ಣಿಗೆ ಸುಮಾರು 555 ಮಿಲಿಗ್ರಾಂ ತಾಮ್ರ ಬೇಕಾಯಿತು. ಕಕೂನುಗಳ ಸಂಖ್ಯೆ ಅರ್ಧಕ್ಕೆ ಇಳಿಯಲು ಸುಮಾರು 53 ಮಿಲಿಗ್ರಾಂ ಸಾಕಾಯಿತು. ಸತುವಿನಲ್ಲಿ ಇದು 745ಕ್ಕೆ 276, ಸೀಸದಲ್ಲಿ 3760ಕ್ಕೆ 1940. ಕ್ಯಾಡ್ಮಿಯಂ 300 ಮಿಲಿಗ್ರಾಂ ಹಾಕಿದರೂ ಅರ್ಧ ಹುಳುಗಳು ಸಾಯಲಿಲ್ಲ. ಕಕೂನು ಅರ್ಧವಾಗಲು ಮಾತ್ರ 46 ಮಿಲಿಗ್ರಾಂ ಸಾಕಾಯಿತು. ತಾಮ್ರದಲ್ಲಿ ಸಾವಿಗೂ ಬಂಜೆತನಕ್ಕೂ ನಡುವೆ ಹತ್ತು ಪಟ್ಟಿನ ಅಂತರ! ಈ ಅಂತರದೊಳಗಿರುವ ಮಣ್ಣೆಲ್ಲ ಹುಳುಗಳು ಕಾಣುವ, ಆದರೆ ಹುಳುಗಳ ಮುಂದಿನ ಪೀಳಿಗೆ ಸೊರಗುತ್ತಿರುವ ಮಣ್ಣು.

ನಿಮ್ಮ 900 ಮತ್ತು 6 ಈ ಮಿತಿಗಳಿಗಿಂತ ಕೆಳಗಿವೆ, ಆದ್ದರಿಂದ ಹುಳುಗಳು ಸಿಗುವುದರಲ್ಲಿ ಆಶ್ಚರ್ಯವಿಲ್ಲ. ಹಾಗೆಂದು ನಿರಾಳರಾಗುವಂತೆಯೂ ಇಲ್ಲ. ಆ ಪ್ರಯೋಗದಲ್ಲಿ ಒಂದೊಂದು ಲೋಹವನ್ನು ಪ್ರತ್ಯೇಕವಾಗಿ ಬೆರೆಸಲಾಗಿತ್ತು, ನಿಮ್ಮಲ್ಲಿ ಎರಡಾದರೂ ಒಟ್ಟಿಗೆ ಇವೆ. ಗೊಬ್ಬರದ ಹುಳು ಗಟ್ಟಿ ಜೀವ, ಹೊಲದ ಮಣ್ಣು ತಿಂದು ಬದುಕುವ ಹಲವು ಜಾತಿಗಳು ಅದಕ್ಕಿಂತ ಸೂಕ್ಷ್ಮ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರಯೋಗದ ಮಣ್ಣಿನ ರಸಸಾರ 6ರ ಆಸುಪಾಸಿನಲ್ಲಿರುತ್ತದೆ, ನಿಮ್ಮದು 5.4.

ರಸಸಾರದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಿಮ್ಮ ಕೈಯಲ್ಲಿರುವ ದೊಡ್ಡ ಹಿಡಿತ ಅದೊಂದೇ. ವರದಿಯಲ್ಲಿರುವ 900 ಎಂಬುದು ಮಣ್ಣನ್ನು ಪ್ರಬಲ ಆಮ್ಲದಲ್ಲಿ ಕುದಿಸಿ ಹೊರತೆಗೆದ ಒಟ್ಟು ಸೀಸ. ಹುಳುವಿಗೆ ತಾಗುವುದು ಅಷ್ಟೂ ಅಲ್ಲ. ಬಹುಪಾಲು ಜೇಡಿಕಣಗಳಿಗೆ, ಕಬ್ಬಿಣದ ಆಕ್ಸೈಡುಗಳಿಗೆ, ಕೊಳೆತ ಸಾವಯವ ವಸ್ತುವಿಗೆ ಅಂಟಿಕೊಂಡಿರುತ್ತದೆ. ಮಣ್ಣು ಹುಳಿಯಾದಷ್ಟೂ ಹೈಡ್ರೋಜನ್ ಅಯಾನುಗಳು ಆ ಜಾಗಗಳನ್ನು ಆಕ್ರಮಿಸಿ ಸೀಸ, ಕ್ಯಾಡ್ಮಿಯಂ, ಸತುಗಳನ್ನು ಮಣ್ಣಿನ ನೀರಿಗೆ ತಳ್ಳುತ್ತವೆ. ಒಟ್ಟು ಲೋಹ ಒಂದೇ ಇರುವ ಎರಡು ಹೊಲಗಳಲ್ಲಿ ಒಂದರಲ್ಲಿ ಹುಳುಗಳು ಮರಿ ಮಾಡುತ್ತಾ, ಇನ್ನೊಂದರಲ್ಲಿ ಮಾಯವಾಗಿರಬಹುದು. ಬ್ಯಾಟರಿಯಿಂದ ಚೆಲ್ಲಿದ ಗಂಧಕಾಮ್ಲವೇ ನಿಮ್ಮ ಮಣ್ಣನ್ನು ಹುಳಿ ಮಾಡಿದ್ದರೂ ಮಾಡಿರಬಹುದು. ನಿಮಗೆ ಅನುಕೂಲವಾದ ಸಂಗತಿಯೂ ಒಂದಿದೆ: ಹೊಸದಾಗಿ ಬಿದ್ದ ಲೋಹಕ್ಕಿಂತ ವರ್ಷಗಟ್ಟಲೆ ಮಣ್ಣಿನಲ್ಲಿ ಕುಳಿತ ಲೋಹ ಹೆಚ್ಚು ಬಿಗಿಯಾಗಿ ಅಂಟಿಕೊಂಡಿರುತ್ತದೆ, ಅದರ ತೀವ್ರತೆ ಕಡಿಮೆ.

ಹುಳುಗಳು ಪೂರ್ತಿ ಹೋದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಹಣ್ಣಿನ ತೋಟಗಳ ಉದಾಹರಣೆ ನನ್ನ ತಲೆಯಿಂದ ಹೋಗುವುದೇ ಇಲ್ಲ. ಅಲ್ಲಿ ವರ್ಷವರ್ಷವೂ ತಾಮ್ರದ ಶಿಲೀಂಧ್ರನಾಶಕ ಸಿಂಪಡಿಸಿದ ತೋಟಗಳಲ್ಲಿ ಎರೆಹುಳುಗಳು ಇಲ್ಲವೆನ್ನುವಷ್ಟು ಕಡಿಮೆಯಾದವು. ಉದುರಿದ ಎಲೆಗಳನ್ನು ಒಳಗೆ ಎಳೆದುಕೊಳ್ಳುವವರಿಲ್ಲದೆ ಅವು ಕೊಳೆಯದೆ ಪದರದ ಮೇಲೆ ಪದರವಾಗಿ ಚಾಪೆಯಂತೆ ನೆಲದ ಮೇಲೆ ಕುಳಿತವು. ಆವನ್‌ಮತ್ ಎಂಬಲ್ಲಿನ ಸತು ಕರಗಿಸುವ ಕಾರ್ಖಾನೆಯ ಸಮೀಪದಲ್ಲೂ ಹೀಗೆಯೇ, ಹುಳುಗಳು ಇಲ್ಲವಾಗಿ ಎಲೆಕಸ ರಾಶಿಬಿದ್ದಿತ್ತು. ನಿಮ್ಮ ತೋಟದಲ್ಲಿ ಮರದ ಕೆಳಗಿನ ತರಗೆಲೆಯನ್ನು ಕೈಯಿಂದ ಸರಿಸಿ ನೋಡಿ. ಅಡಿಯ ಎಲೆಗಳು ನರ ಮಾತ್ರ ಉಳಿದು ಮಣ್ಣಿನೊಳಗೆ ಬೆರೆಯುತ್ತಿದ್ದು, ನಡುನಡುವೆ ಹಿಕ್ಕೆಯ ಗುಳಿಗೆಗಳಿದ್ದರೆ ಕೆಲಸ ನಡೆಯುತ್ತಿದೆ ಎಂದರ್ಥ. ಹಳೆಯ ಎಲೆಗಳು ಒಂದಕ್ಕೊಂದು ಅಂಟಿ ಹಾಳೆಯಂತೆ ಎದ್ದು ಬಂದರೆ ಅದು ಕೆಟ್ಟ ಸೂಚನೆ.

ಇನ್ನೊಂದು ಸಾಧ್ಯತೆಯೂ ಇದೆ, ನಿಮ್ಮ ಹುಳುಗಳು ಒಗ್ಗಿಕೊಂಡವೇ ಆಗಿರಬಹುದು. ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಹಳೆಯ ತಾಮ್ರ ಮತ್ತು ಆರ್ಸೆನಿಕ್ ಗಣಿಯೊಂದರ ಮಣ್ಣಿನಲ್ಲಿ ಎರೆಹುಳುಗಳು ಬಾಳುತ್ತಿವೆ. ಶುದ್ಧ ಜಾಗದಿಂದ ತಂದ ಅದೇ ಜಾತಿಯ ಹುಳುಗಳು ಆರ್ಸೆನಿಕ್ ಬೆರೆಸಿದ ಮಣ್ಣಿನಲ್ಲಿ ಸತ್ತರೆ, ಗಣಿಯ ಹುಳುಗಳು ಬದುಕಿ ಉಳಿದವು. ತಲೆಮಾರುಗಳ ಆಯ್ಕೆಯಲ್ಲಿ ಗಟ್ಟಿಯಾದ ಸಂತತಿ ಅದು. ಜೀವದ ಈ ಹಟಕ್ಕೆ ನಾನು ತಲೆಬಾಗುತ್ತೇನೆ. ಆದರೆ ಅಂಥ ಹುಳು ಮಣ್ಣಿನ ಶುದ್ಧತೆಗೆ ಸಾಕ್ಷಿ ಹೇಳಲಾರದು.

ಹುಳು ಬಿಟ್ಟು ಮಣ್ಣನ್ನು ಶುದ್ಧ ಮಾಡುವ ಆಸೆಯನ್ನು ದಯವಿಟ್ಟು ಬಿಡಿ. ಲೆಕ್ಕ ಹಾಕಿ ನೋಡೋಣ. ಒಂದು ಚದರ ಮೀಟರ್ ಜಾಗದಲ್ಲಿ 20 ಸೆಂಟಿಮೀಟರ್ ಆಳದವರೆಗೆ ಸುಮಾರು 260 ಕಿಲೋ ಮಣ್ಣಿದೆ ಎನ್ನೋಣ. ಕಿಲೋಗೆ 6 ಮಿಲಿಗ್ರಾಮಿನಂತೆ ಅದರಲ್ಲಿರುವ ಕ್ಯಾಡ್ಮಿಯಂ 1560 ಮಿಲಿಗ್ರಾಂ. ಅಷ್ಟು ಜಾಗದಲ್ಲಿ 100 ಗ್ರಾಂ ಹುಳುಗಳಿವೆ ಎಂದಿಟ್ಟುಕೊಳ್ಳಿ, ಅದು ಸಮೃದ್ಧಿಯೇ. ಒಣಗಿಸಿದರೆ 20 ಗ್ರಾಂ ಬಂದೀತು. ಮಣ್ಣಿಗಿಂತ ಹತ್ತು ಪಟ್ಟು ಕ್ಯಾಡ್ಮಿಯಂ ಅವುಗಳಲ್ಲಿ ಸೇರಿದೆ ಎಂದರೂ ಒಟ್ಟು 1.2 ಮಿಲಿಗ್ರಾಂ, ಸಾವಿರದಲ್ಲಿ ಒಂದು ಪಾಲೂ ಅಲ್ಲ. ಸೀಸದ ಲೆಕ್ಕ ಇನ್ನೂ ಬಡವಾಗಿದೆ. ಹಾಗೆ ಸೇರಿದ್ದೂ ಹುಳು ಸತ್ತ ದಿನ ಮಣ್ಣಿಗೇ ವಾಪಸ್ಸು. ಇದಕ್ಕಿಂತ ಚಿಂತೆಯ ವಿಷಯವೆಂದರೆ ಹುಳುವಿನ ಕರುಳಿನ ಮೂಲಕ ಹಾದುಬಂದ ಮಣ್ಣಿನಲ್ಲಿ ಲೋಹ ಇನ್ನಷ್ಟು ಸುಲಭವಾಗಿ ಕರಗುವ ರೂಪಕ್ಕೆ ಬರುವುದನ್ನು ಹಲವು ಪ್ರಯೋಗಗಳು ತೋರಿಸಿವೆ. ಅಂದರೆ ಹುಳು ಹೆಚ್ಚಾದರೆ ಗಿಡಕ್ಕೆ ಸಿಗುವ ಲೋಹವೂ ಹೆಚ್ಚಬಹುದು.

ಆ ತೋಟದ ಕಸಕಡ್ಡಿಯಿಂದ ಎರೆಗೊಬ್ಬರ ಮಾಡುವ ಯೋಚನೆಯಿದ್ದರೆ ಅದೂ ಬೇಡ. ಲೋಹ ಮೂಲಧಾತು. ಅದು ಕೊಳೆಯುವುದೂ ಇಲ್ಲ, ಆವಿಯಾಗಿ ಹೋಗುವುದೂ ಇಲ್ಲ. ಕಿಲೋಗೆ 2 ಮಿಲಿಗ್ರಾಂ ಕ್ಯಾಡ್ಮಿಯಂ ಇರುವ 100 ಕಿಲೋ ಒಣಕಸ ಕೊಳೆತು 50 ಕಿಲೋ ಗೊಬ್ಬರವಾದರೆ, ಹುಳುಗಳು ತೆಗೆದುಕೊಂಡ ಅಲ್ಪ ಪಾಲು ಬಿಟ್ಟು ಉಳಿದದ್ದೆಲ್ಲ ಆ ಅರ್ಧ ರಾಶಿಯಲ್ಲೇ ಸಾಂದ್ರವಾಗುತ್ತದೆ. ನೋಡಲು ಕಪ್ಪಗೆ, ಹುಡಿಹುಡಿಯಾಗಿ, ಒಳ್ಳೆಯ ವಾಸನೆಯ ಗೊಬ್ಬರ, ಒಳಗೆ ಕಿಲೋಗೆ ಸುಮಾರು 4 ಮಿಲಿಗ್ರಾಂ ಕ್ಯಾಡ್ಮಿಯಂ.

ಇನ್ನು ಮಾಡಬೇಕಾದ್ದು. ಮಣ್ಣು ಹದವಾಗಿ ತೇವವಿರುವ ದಿನ 25 ಸೆಂಟಿಮೀಟರ್ ಉದ್ದ, ಅಗಲ, ಆಳದ ಗುಂಡಿಗಳನ್ನು ನಾಲ್ಕೈದು ಕಡೆ ತೋಡಿ. ಅಷ್ಟೇ ಗುಂಡಿಗಳನ್ನು ಬ್ಯಾಟರಿ ಜಾಗದಿಂದ ದೂರವಿರುವ, ಅದೇ ಬಗೆಯ ಮಣ್ಣಿನಲ್ಲೂ ತೋಡಿ. ತೆಗೆದ ಮಣ್ಣನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಸುರಿದು ಕೈಗವಸು ಹಾಕಿಕೊಂಡು ಹುಡುಕಿ. ಕುತ್ತಿಗೆಯ ಬಳಿ ದಪ್ಪ ಪಟ್ಟಿ ಇರುವ ಪ್ರೌಢ ಹುಳುಗಳನ್ನು ಒಂದು ಕಡೆ, ಪಟ್ಟಿ ಇಲ್ಲದ ಮರಿಗಳನ್ನು ಇನ್ನೊಂದು ಕಡೆ ಎಣಿಸಿ. ಉಳಿದ ಮಣ್ಣನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ನೀರು ಹಾಕಿ ತೊಳೆಯಿರಿ. ಸಾಸಿವೆ ಕಾಳಿನಿಂದ ಹೆಸರುಕಾಳಿನವರೆಗಿನ ಗಾತ್ರದ, ಎರಡೂ ತುದಿ ಮೊನಚಾದ, ಹಳದಿ ಅಥವಾ ಕಂದು ಗುಂಡುಗಳು ಸಿಕ್ಕರೆ ಅವೇ ಕಕೂನುಗಳು. ಬೆಳಕಿಗೆ ಹಿಡಿದರೆ ಬಲಿತ ಕಕೂನಿನೊಳಗೆ ಮರಿಯ ಕೆಂಪು ರಕ್ತನಾಳ ಮಿಡಿಯುವುದು ಬರಿಗಣ್ಣಿಗೂ ಕಂಡೀತು. ಎರಡು ಜಾಗಗಳ ನಡುವೆ ಪ್ರೌಢ ಹುಳುಗಳ ಸಂಖ್ಯೆಯಲ್ಲಿ ವ್ಯತ್ಯಾಸ ಕಡಿಮೆಯಿದ್ದು, ಮರಿ ಮತ್ತು ಕಕೂನುಗಳಲ್ಲಿ ಭಾರಿ ಕೊರತೆ ಕಂಡರೆ ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿತು.

ಇದಕ್ಕಿಂತ ಸರಳವಾದ ಇನ್ನೊಂದು ಪರೀಕ್ಷೆಯಿದೆ. ಒಂದು ಡಬ್ಬಿಯ ಅರ್ಧಕ್ಕೆ ನಿಮ್ಮ ಮಣ್ಣು, ಇನ್ನರ್ಧಕ್ಕೆ ಶುದ್ಧ ಮಣ್ಣು ತುಂಬಿ. ತೇವ ಎರಡರಲ್ಲೂ ಸಮನಾಗಿರಲಿ. ನಡುಗೆರೆಯ ಮೇಲೆ ಹತ್ತು ಪ್ರೌಢ ಹುಳುಗಳನ್ನು ಬಿಟ್ಟು, ಗಾಳಿಯಾಡುವಂತೆ ಮುಚ್ಚಿ 48 ಗಂಟೆ ಬಿಡಿ. ಆಮೇಲೆ ನಡುವೆ ರಟ್ಟು ಇಳಿಸಿ ಎರಡೂ ಕಡೆ ಎಣಿಸಿ. ಎಂಟು ಅಥವಾ ಹೆಚ್ಚು ಹುಳುಗಳು ಶುದ್ಧ ಮಣ್ಣಿಗೆ ಹೋಗಿದ್ದರೆ ನಿಮ್ಮ ಮಣ್ಣು ಅವಕ್ಕೆ ಸಹಿಸಲಾಗದ್ದು ಎಂದರ್ಥ. ಎರಡು ಮೂರು ಸಲ ಮಾಡಿ ನೋಡಿ. ಹುಳಿ ಮಣ್ಣಿನಿಂದಲೂ ಉಪ್ಪಿನಿಂದಲೂ ಹುಳುಗಳು ದೂರ ಸರಿಯುತ್ತವೆ, ಹಾಗಾಗಿ ಇದೊಂದನ್ನೇ ನೆಚ್ಚಿಕೊಂಡು ಲೋಹದ ಮೇಲೆ ದೂರು ಹೊರಿಸಬೇಡಿ.

ಮಣ್ಣಿನ ಹುಳಿ ತಗ್ಗಿಸಿ ರಸಸಾರ ಏರಿಸುವ ದಾರಿ ಸುಣ್ಣ. ಅದನ್ನು ಹಾಕುವ ಮುನ್ನ ಅದೇ ಮಣ್ಣಿನಲ್ಲಿ ಆರ್ಸೆನಿಕ್ ಎಷ್ಟಿದೆ ಎಂದು ಪರೀಕ್ಷೆ ಮಾಡಿಸಿ. ಬ್ಯಾಟರಿಯ ಸೀಸದ ಫಲಕಗಳಲ್ಲಿ ಆಂಟಿಮನಿ ಮತ್ತು ಆರ್ಸೆನಿಕ್ ಬೆರೆಸುವ ರೂಢಿಯಿತ್ತು. ಸೀಸ, ಕ್ಯಾಡ್ಮಿಯಂಗಳನ್ನು ಸುಣ್ಣ ಕಟ್ಟಿಹಾಕುತ್ತದೆ. ಆರ್ಸೆನಿಕ್ ಇದಕ್ಕೆ ತಿರುಗಾಮುರುಗಾ, ರಸಸಾರ ಏರಿದರೆ ಅದು ಸಡಿಲವಾಗುತ್ತದೆ, ರಂಜಕದ ಗೊಬ್ಬರ ಸುರಿದರೂ ಬಿಡುಗಡೆಯಾಗುತ್ತದೆ. ಆರ್ಸೆನಿಕ್ ಹೆಚ್ಚಿಲ್ಲವೆಂದು ಖಚಿತವಾದರೆ ಸುಣ್ಣಕಲ್ಲಿನ ಪುಡಿಯನ್ನು ಕಂತುಗಳಲ್ಲಿ ಹಾಕಿ ರಸಸಾರವನ್ನು 6.5ರ ಮೇಲಕ್ಕೆ ತನ್ನಿ. ಸುಟ್ಟ ಸುಣ್ಣ ಬೇಡ, ಹುಳುವಿನ ಚರ್ಮವನ್ನು ಸುಡುತ್ತದೆ. ಹೊರಗಿನಿಂದ ತಂದ, ಲೋಹ ಪರೀಕ್ಷೆಯಾದ ಕಳಿತ ಗೊಬ್ಬರವನ್ನು ಧಾರಾಳವಾಗಿ ಸೇರಿಸಿ. ಬರಿಮಣ್ಣು ಎಲ್ಲೂ ಕಾಣದಂತೆ ಹುಲ್ಲು ಅಥವಾ ಹೊದಿಕೆ ಇರಲಿ, ಏಕೆಂದರೆ ಸೀಸ ಮನುಷ್ಯರ ಹೊಟ್ಟೆ ಸೇರುವುದು ಮುಖ್ಯವಾಗಿ ಧೂಳಿನ ಮೂಲಕ. ಸೊಪ್ಪು ತರಕಾರಿಗಳನ್ನು ಅಲ್ಲಿ ಬೆಳೆಯಬೇಡಿ, ಕ್ಯಾಡ್ಮಿಯಂ ಎಲೆಗಳಿಗೆ ಸುಲಭವಾಗಿ ಏರುತ್ತದೆ.

ಈಗಿನ ಎಣಿಕೆಯನ್ನು ತಾರೀಕು ಹಾಕಿ ಬರೆದಿಡಿ. ಮುಂದಿನ ವರ್ಷ ಇದೇ ಕಾಲದಲ್ಲಿ, ಅದೇ ತೇವದಲ್ಲಿ, ಅದೇ ಗಾತ್ರದ ಗುಂಡಿಗಳನ್ನು ಹಳೆಯ ಗುಂಡಿಗಳ ಪಕ್ಕದಲ್ಲಿ ತೋಡಿ ಮತ್ತೆ ಜರಡಿ ಹಿಡಿಯಿರಿ. ಕಕೂನುಗಳು ಹೆಚ್ಚಿದ್ದರೆ ಸುಣ್ಣ ಕೆಲಸ ಮಾಡಿದೆ. ಆಗಲೂ ಕೋಳಿಗಳಿಗೆ ಬೇಲಿ ತೆರೆಯಬೇಡಿ. ಮಣ್ಣಿನಲ್ಲಿ ಕಟ್ಟಿಹಾಕಿದ ಸೀಸ, ಕ್ಯಾಡ್ಮಿಯಂ ಅಲ್ಲೇ ಇರುತ್ತವೆ, ಹುಳುಗಳೂ ಅದನ್ನು ತಿನ್ನುತ್ತಲೇ ಇರುತ್ತವೆ.